ತಲೆಯಲ್ಲಿ ಕೂದಲಿರುವಾಗಲೇ

ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ಲಿಫ್ಟಿನ ಎಡಗಡೆ, ಬಾಗಿಲ ಮೇಲೆ ಬೋರ್ಡೇ ಇಲ್ಲದ ಒಂದು ಕೋಣೆ. ಒಳಗೊಂದು ಎತ್ತರದ ಕುರ್ಚಿ, ಒಂದು ಸಿಂಕು, ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟ ಕನ್ನಡಿ. ಮೆದುಳಿನ ಆಪರೇಷನ್ನಿಗೆ ಹೋಗುವ ಹೆಂಗಸರೆಲ್ಲ ಮೊದಲು ಇಲ್ಲಿ ಬಂದು ತಲೆ ಒಪ್ಪಿಸಬೇಕು. ಇಪ್ಪತ್ತೆಂಟು ವರ್ಷಗಳಿಂದ ಆ ತಲೆಗಳನ್ನು ಬೋಳಿಸುತ್ತ ಬಂದವಳಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆದರೆ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಕತ್ತರಿಯಮ್ಮ.

ಬ್ಯೂಟಿ ಪಾರ್ಲರಿನಲ್ಲಿ ಮದುಮಕ್ಕಳ ಜಡೆ ಹೆಣೆಯುತ್ತಿದ್ದವಳು ಖಾಯಂ ಕೆಲಸದ ಆಸೆಗೆ ಇಲ್ಲಿಗೆ ಬಂದಳು. ಮೊದಲ ವರ್ಷ ಬಾಯಿ ಮುಚ್ಚಿಕೊಂಡು ಕೂದಲು ತೆಗೆದಳು. ಒಂದು ಬೆಳಿಗ್ಗೆ ಶಾಲೆಯ ಟೀಚರೊಬ್ಬರು ಕುರ್ಚಿಯಲ್ಲಿದ್ದರು. ಅರ್ಧ ತಲೆ ಬೋಳಾಗಿತ್ತು. ಆಗ ಅವರು ಮೆಲ್ಲಗೆ ಕೇಳಿದರು, "ಅಲ್ಲಾ, ನನಗೆ ಏನು ಮಾಡ್ತಾರಂತೆ?" ಎರಡು ಗಂಟೆ ಹಿಂದೆಯಷ್ಟೇ ಅವರು ಆರು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದಿದ್ದರು. ಕತ್ತರಿಯಮ್ಮನ ಕೈಯಲ್ಲಿ ಮೆಷಿನ್ನು ತಾನಾಗಿಯೇ ನಿಂತಿತು.

ಅವತ್ತಿನಿಂದ ಅವಳದೊಂದು ಕಟ್ಟುನಿಟ್ಟು. ಕುತ್ತಿಗೆಗೆ ಬಟ್ಟೆ ಕಟ್ಟಿದ ಮೇಲೆ ಎದುರಿಗೆ ಬಂದು ನಿಂತು ಕೇಳುತ್ತಾಳೆ: "ನಿಮಗೇನು ಮಾಡ್ತಾರೆ, ನಿಮ್ಮ ಮಾತಲ್ಲಿ ಹೇಳಿ. ಆಮೇಲೆ ಮೆಷಿನ್ನು." ಹೇಳಲು ಬರದಿದ್ದರೆ ವಾರ್ಡಿಗೆ ಫೋನು; ಡಾಕ್ಟರು ಮತ್ತೆ ಮೇಲೆ ಬಂದು ತಿಳಿಸಿ ಹೇಳಬೇಕು. ಆಪರೇಷನ್ ತಡವಾಗುತ್ತದೆ ಎಂದು ಅವಳಿಗೆ ಎರಡು ಮೆಮೋ ಬಂದವು. ಅದರಲ್ಲೊಂದು, ನಾಲ್ಕು ಮಡಿಕೆಯಾಗಿ, ಕುರ್ಚಿಯ ಕುಂಟುಕಾಲಿನ ಕೆಳಗೆ ಇವತ್ತಿಗೂ ಸೇವೆ ಸಲ್ಲಿಸುತ್ತಿದೆ.

ಇಷ್ಟು ವರ್ಷಗಳಲ್ಲಿ ಒಬ್ಬರನ್ನು ಮಾತ್ರ ಅವಳು ಕೇಳಲಿಲ್ಲ. ಸ್ವಂತ ಅಕ್ಕನನ್ನು.

ಅಕ್ಕ ಬಸ್ ನಿಲ್ದಾಣದ ಘೋಷಣೆಯವಳಾಗಿದ್ದಳು. ಯಾವ ಬಸ್ಸು ಎಷ್ಟನೇ ಅಂಕಣದಲ್ಲಿ, ಎಷ್ಟು ತಡ ಎಂದು ಇಪ್ಪತ್ತಾರು ವರ್ಷ ಊರಿಗೆಲ್ಲ ಕೇಳುವಂತೆ ಹೇಳಿದವಳು. ಮನೆಯಲ್ಲೂ ಅದೇ ಗತ್ತು, "ಊಟ ತಟ್ಟೆಯಲ್ಲಿ ಸಿದ್ಧವಾಗಿದೆ, ಕೂಡಲೇ ಬಂದು ಕುಳಿತುಕೊಳ್ಳತಕ್ಕದ್ದು." ನಿವೃತ್ತಿಯ ವರ್ಷವೇ ಕೈ ನಡುಗಲು ಶುರುವಾಯಿತು. ಮಾತ್ರೆಗಳು ಸೋತವು. ಒಮ್ಮೆ ಬಿಸಿನೀರು ತೊಡೆಯ ಮೇಲೆ ಚೆಲ್ಲಿ ಬೊಬ್ಬೆ ಎದ್ದ ಮೇಲೆ ಮಗ ಹಟ ಹಿಡಿದ. ಮೆದುಳಿನೊಳಗೆ ಎಳೆಯಂಥ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಕೂರಿಸುವ ಆಪರೇಷನ್ ಆಯಿತು. ಅವತ್ತು ಅಕ್ಕ ಕುರ್ಚಿಯಲ್ಲಿ ಕುಳಿತಾಗ ಕತ್ತರಿಯಮ್ಮ ಕಣ್ಣೊರೆಸಿಕೊಂಡು ನೇರ ಮೆಷಿನ್ನು ಎತ್ತಿಕೊಂಡಳು. ಒಡಹುಟ್ಟಿದವಳನ್ನು ಕೇಳುವುದೇನು, ಎಲ್ಲ ಗೊತ್ತಿರುವುದೇ ಎಂದುಕೊಂಡಳು.

ಅಕ್ಕನ ಕೈನಡುಕ ನಿಂತಿತು. ಡಾಕ್ಟರು ಕರೆಂಟಿಗೆ ಮೂರು ಮಟ್ಟ ಹೊಂದಿಸಿ, ಮನೆಯಲ್ಲೇ ಬದಲಾಯಿಸಿಕೊಳ್ಳಲು ಒಂದು ರಿಮೋಟು ಕೊಟ್ಟರು. ಮೂರರಲ್ಲಿ ಕೈ ಕಲ್ಲಿನಂತೆ ಅಲುಗದು, ಆದರೆ ನಾಲಗೆ ದಪ್ಪ. ಎರಡರಲ್ಲಿ ಮಾತು ಸ್ವಚ್ಛ, ಕೈ ಒಂದಿಷ್ಟು ನಡುಕ. ಮಗ ಮೂರಕ್ಕೆ ಇಟ್ಟು ರಿಮೋಟನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ತೊದಲುವುದಕ್ಕೆ ನಾಚಿ ಅಕ್ಕ ಮಾತು ಬಿಟ್ಟಳು. ಮನೆಗೆ ಹೋದಾಗ ಕತ್ತರಿಯಮ್ಮ ಏನಾದರೂ ಹೇಳಿದರೆ ಅವನದು ಒಂದೇ ಉತ್ತರ: "ಚಿಕ್ಕಮ್ಮಾ, ಆ ಬೊಬ್ಬೆಗಳಿಗೆ ದಿನಾ ಔಷಧಿ ಹಚ್ಚಿದವನು ನಾನು."

ಹೀಗಿರುವಾಗ ಒಂದು ಕಾಗದ ಬಂತು. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಅವಳೂ ಸೇರಿ ಇಪ್ಪತ್ತನಾಲ್ಕು ಜನರನ್ನು ಆರಿಸಲಾಗಿದೆ. ಮೆದುಳಿಗೆ ಯಂತ್ರ ಕೂರಿಸುವ ಬಗ್ಗೆ ನಿಯಮ ಮಾಡುವ ಮೊದಲು ಸರ್ಕಾರ ಜನರ ಮಾತು ಕೇಳಬಯಸುತ್ತದೆ. ನಾಲ್ಕು ಶನಿವಾರ ತಜ್ಞರೊಂದಿಗೆ ಚರ್ಚೆ. ಅವಳು ಕಾಗದವನ್ನು ಎರಡು ಸಲ ಓದಿ ಸೆರಗಿಗೆ ಸಿಕ್ಕಿಸಿಕೊಂಡಳು. ಯಂತ್ರದ ಮೇಲೆ ಯಾರ ಕೈ ಇರಬೇಕು ಎಂಬ ಒಂದು ಸಾಲು ಆ ನಿಯಮದಲ್ಲಿ ಬರಲೇಬೇಕು. ಅದನ್ನು ಹಾಕಿಸದೆ ಎದ್ದು ಬರುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು.

ಸಭಾಂಗಣದ ಬಾಗಿಲಲ್ಲಿ ಎರಡು ಬಣ್ಣದ ಬಿಲ್ಲೆಗಳು, ತಜ್ಞರಿಗೆ ನೀಲಿ, ಜನರಿಗೆ ಹಳದಿ.

"ಆಸ್ಪತ್ರೆಯವರಾ ಮೇಡಂ? ಹಾಗಾದ್ರೆ ನೀಲಿ ಬರುತ್ತೆ," ಎಂದಳು ಮೇಜಿನ ಹಿಂದಿನ ಹುಡುಗಿ. "ಏನು ಕೆಲಸ ಅಲ್ಲಿ?"

"ತಲೆ ಬೋಳಿಸೋದು."

ಹುಡುಗಿ ತೆಪ್ಪಗೆ ಹಳದಿ ಬಿಲ್ಲೆ ಕೊಟ್ಟಳು.

ಪಕ್ಕದ ಕುರ್ಚಿಯಲ್ಲಿ ಕುಳಿತ ಬೇಕರಿಯವನಿಗೆ ಎಲ್ಲದಕ್ಕೂ ಒಂದು ತಮಾಷೆ. "ಅಮ್ಮಾ, ನನ್ನ ಹೆಂಡ್ತಿ ಹೇಳ್ತಾಳೆ, ನಿಮ್ಮ ತಲೆಗೆ ಯಂತ್ರ ಹಾಕೋ ಮೊದಲು ಒಳಗೆ ಜಾಗ ಇದೆಯೋ, ಬರೀ ಖಾಲಿನೋ ನೋಡಿಸ್ಕೊಳ್ಳಿ ಅಂತ." ಮೊದಲ ಶನಿವಾರ ಚಿತ್ರಗಳು, ಬಾಣದ ಗುರುತುಗಳು. ಎರಡನೆಯದರಲ್ಲಿ ತತ್ವಶಾಸ್ತ್ರದ ಪ್ರೊಫೆಸರೊಬ್ಬರು ಒಂದೂವರೆ ಗಂಟೆ ಮಾತಾಡಿದರು. ಬೇಕರಿಯವನು ಸಣ್ಣಗೆ ಗೊರಕೆ ಹೊಡೆದ. ಮೂರನೆಯ ವಾರ ಕರಡು ನಿಯಮಗಳು ಕೈಗೆ ಬಂದವು. ಒಂಬತ್ತನೆಯದು: ಯಂತ್ರದ ಮಟ್ಟವನ್ನು ವೈದ್ಯರು ಹಾಗೂ ಕುಟುಂಬದವರು ಸಮಾಲೋಚಿಸಿ ನಿರ್ಧರಿಸತಕ್ಕದ್ದು.

ಕತ್ತರಿಯಮ್ಮ ಎದ್ದು ನಿಂತಳು. "ಇದರಲ್ಲಿ ಎಲ್ಲರೂ ಇದ್ದಾರೆ. ತಲೆ ಯಾರದೋ ಅವರೊಬ್ಬರು ಇಲ್ಲ."

ಚಪ್ಪಾಳೆ ಬಿತ್ತು. ನೀಲಿ ಬಿಲ್ಲೆಯ ನರರೋಗದ ಡಾಕ್ಟರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಅಮ್ಮಾ, ಒಪ್ತೀನಿ. ಆದ್ರೆ ನನ್ನ ಹತ್ರ ಒಬ್ಬರು ಬರ್ತಿದ್ರು. ಕರೆಂಟು ಸ್ವಲ್ಪ ಹೆಚ್ಚಾದಾಗ ಅವರಿಗೆ ಎಲ್ಲಿಲ್ಲದ ಖುಷಿ. ಮನೆ ಸಾಮಾನನ್ನೆಲ್ಲ ಕಂಡಕಂಡವರಿಗೆ ಕೊಟ್ಟುಬಿಟ್ರು. ಕಡಿಮೆ ಮಾಡ್ಲಾ ಅಂದ್ರೆ, ಬೇಡ, ನಾನು ಚೆನ್ನಾಗೇ ಇದೀನಿ ಅನ್ನೋರು. ಕೊನೆಗೆ ಕಡಿಮೆ ಮಾಡಿದ್ಮೇಲೆ ಅತ್ಕೊಂಡು, ಮೊದಲೇ ಯಾಕೆ ಮಾಡ್ಲಿಲ್ಲ ಅಂತ ನನ್ನನ್ನೇ ಕೇಳಿದ್ರು. ಇಬ್ಬರೂ ಅವರೇ. ನಾನು ಯಾರ ಮಾತು ಕೇಳ್ಬೇಕಿತ್ತು?"

ಕತ್ತರಿಯಮ್ಮ ಕುಳಿತಳು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಲೇ ಇತ್ತು. ಡಾಕ್ಟರದು ಕುತರ್ಕವಲ್ಲ. ಅದೇ ಕಷ್ಟ.

ಬುಧವಾರ ಒಬ್ಬಳು ಟೈಲರ್ ಬಂದಳು. ಗಡ್ಡೆ ತೆಗೆಯುವ ಆಪರೇಷನ್. ಎಂದಿನಂತೆ ಕತ್ತರಿಯಮ್ಮ ಕೇಳಿದಳು. ಟೈಲರು ಪಟಪಟನೆ ಒಪ್ಪಿಸಿದಳು, ಎಲ್ಲಿ ಕೊಯ್ಯುತ್ತಾರೆ, ಏನು ತೆಗೆಯುತ್ತಾರೆ. ಆಮೇಲೆ ಬಟ್ಟೆಯ ಅಂಚನ್ನು ಬೆರಳಲ್ಲಿ ಅಳೆಯುತ್ತ ಸೇರಿಸಿದಳು: "ಇನ್ನೊಂದು ಮಾತಿದೆ, ಯಾರೂ ಕೇಳ್ಲಿಲ್ಲ. ಕೈ ಹೋದ್ರೆ ಹೋಗ್ಲಿ, ಹೊಲಿಗೆ ಬಿಡ್ತೀನಿ. ಮಕ್ಕಳ ಗುರುತು ಹೋಗೋ ಹಾಗಿದ್ರೆ ಅಲ್ಲಿಗೇ ನಿಲ್ಲಿಸ್ಬೇಕು. ನಾಳೆ ನಾನು ಹೇಳೋ ಸ್ಥಿತೀಲಿ ಇರ್ತೀನೋ ಇಲ್ವೋ. ನೀವು ನೆನಪಿಟ್ಕೊಳ್ತೀರಾ?"

ಕತ್ತರಿಯಮ್ಮ ಮೆಷಿನ್ನು ಕೆಳಗಿಟ್ಟು ಡಾಕ್ಟರಿಗೆ ಫೋನು ಮಾಡಿ, ಅವರು ಬಂದು ಆ ಮಾತನ್ನು ಬರೆದುಕೊಳ್ಳುವವರೆಗೆ ಕೂದಲು ಮುಟ್ಟಲಿಲ್ಲ. ಅವರು ಬರೆಯುತ್ತಿದ್ದ ಹಾಗೇ ಅವಳ ಎದೆಯಲ್ಲಿ ಶನಿವಾರದ ಗಂಟು ಸಡಿಲವಾಯಿತು.

ನಾಲ್ಕನೆಯ ಶನಿವಾರ ಮೈಕು ಅವಳೇ ಕೇಳಿ ತೆಗೆದುಕೊಂಡಳು.

"ಡಾಕ್ಟ್ರೇ, ಯಾರ ಮಾತು ಅಂತ ಕೇಳಿದ್ರಿ. ತಲೆಯಲ್ಲಿ ಕೂದಲಿದ್ದಾಗ ಅವರು ಹೇಳಿದ ಮಾತು. ಯಂತ್ರ ಇನ್ನೂ ಒಳಗೆ ಹೋಗಿರೋದಿಲ್ಲ, ಖುಷಿ ಅವರದೇ, ಭಯಾನೂ ಅವರದೇ. ಆಗ ಕೇಳಿ. ನಿಮ್ಮಲ್ಲಿ ಏನು ಹೋದ್ರೂ ಪರವಾಗಿಲ್ಲ, ಏನನ್ನ ಮಾತ್ರ ಮುಟ್ಟಬಾರ್ದು? ಅದನ್ನ ಅವರ ಮಾತಲ್ಲೇ ಬರ್ಕೊಳ್ಳಿ. ಆಮೇಲೆ ಮಟ್ಟ ಬದಲಾಯಿಸೋ ಪ್ರತಿ ಸಲ ಅವರನ್ನೇ ಕೇಳಿ. ಆ ದಿನದ ಮಾತಿಗೂ ಈ ದಿನದ ಮಾತಿಗೂ ತಾಳೆ ಆಗ್ಲಿಲ್ಲ ಅಂದ್ರೆ, ಬರೆದಿಟ್ಟಿದ್ದನ್ನ ಅವರ ಮುಂದೇನೇ ಓದಿ."

"ಅಷ್ಟೆಲ್ಲ ಯಾರು ಹೇಳ್ತಾರಮ್ಮ ಆ ಗಡಿಬಿಡೀಲಿ?" ಎಂದರು ಪ್ರೊಫೆಸರು.

"ಕೇಳಿದ್ರೆ ಹೇಳ್ತಾರೆ ಸಾರ್. ನಾನು ಇಪ್ಪತ್ತೇಳು ವರ್ಷದಿಂದ ಕೇಳ್ತಾ ಇದೀನಿ. ಒಬ್ಬರನ್ನ ಮಾತ್ರ ಕೇಳ್ಲಿಲ್ಲ." ಅಕ್ಕನ ಕಥೆಯನ್ನು ನಾಲ್ಕೇ ಮಾತಲ್ಲಿ ಹೇಳಿದಳು. "ತಪ್ಪು ನನ್ನದು. ನಿಯಮದಲ್ಲಿ ಇದ್ದಿದ್ರೆ ನಾನು ಮರೆತ್ರೂ ಇನ್ನೊಬ್ಬರು ಕೇಳ್ತಿದ್ರು. ಅದಕ್ಕೇ ಬರೀರಿ ಅಂತಿದೀನಿ."

ಡಾಕ್ಟರು ಕನ್ನಡಕ ಹಾಕಿಕೊಂಡರು. "ನನ್ನ ಪೇಷಂಟನ್ನ ನಾನು ಮೊದಲೇ ಹೀಗೆ ಕೇಳಿರ್ಲಿಲ್ಲ," ಎಂದಷ್ಟೇ ಹೇಳಿದರು.

ಸಭೆಯ ನಡಾವಳಿ ಬರೆದುಕೊಳ್ಳುವವನು 'ಪೂರ್ವಭಾವಿ ಇಚ್ಛಾ ಘೋಷಣೆ' ಎಂದು ಟೈಪು ಮಾಡಿದ್ದ. ಅವಳು ಬಗ್ಗಿ ಓದಿ, "ಇದು ಕುರ್ಚಿ ಮೇಲೆ ಕೂತವರಿಗೆ ತಿಳಿಯಲ್ಲಪ್ಪ, ನಾನು ಹೇಳಿದ ಹಾಗೇ ಹಾಕು," ಎಂದಳು. ಮತ ಹಾಕಿಸಿದರು. ಪರ ಹದಿನೈದು, ವಿರುದ್ಧ ಒಂಬತ್ತು. ಎತ್ತಿದ ಕೈಗಳಲ್ಲಿ ಬೇಕರಿಯವನದು ಎಲ್ಲಕ್ಕಿಂತ ಮೇಲಿತ್ತು. ಹೊರಗೆ ಬರುವಾಗ ಅವನು ಒಂದೂ ತಮಾಷೆ ಮಾಡಲಿಲ್ಲ.

ಆದರೆ ಆ ಸಾಲು ಮುಂದೆ ಬರುವವರಿಗೆ. ಅಕ್ಕನ ತಲೆಯಲ್ಲಿ ಯಂತ್ರ ಕೂತು ಎಂಟು ತಿಂಗಳಾಗಿತ್ತು.

ಭಾನುವಾರ ಮಧ್ಯಾಹ್ನ ಅವಳು ಕೆಲಸದ ಚೀಲ ಹಿಡಿದುಕೊಂಡೇ ಅಕ್ಕನ ಮನೆಗೆ ಹೋದಳು. "ಕೂದಲು ಅಡ್ಡಾದಿಡ್ಡಿ ಬೆಳೆದಿದೆ, ಬಾ, ಒಂದು ಸಮ ಮಾಡ್ತೀನಿ," ಎಂದು ಕಿಟಕಿಯ ಬಳಿ ಕುರ್ಚಿ ಎಳೆದು ಕೂರಿಸಿದಳು. ಕುತ್ತಿಗೆಗೆ ಬಟ್ಟೆ ಕಟ್ಟಿದಳು. ಕತ್ತರಿ ಎತ್ತಿಕೊಳ್ಳಲಿಲ್ಲ. ಎದುರಿಗೆ ಬಂದು ನಿಂತಳು.

"ಅಕ್ಕಾ, ಅವತ್ತು ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಗ ಕೇಳ್ತಿದೀನಿ. ನಿನ್ನಲ್ಲಿ ಏನು ಹೋದ್ರೂ ಪರವಾಗಿಲ್ಲ, ಏನು ಹೋಗ್ಬಾರ್ದು?"

ಮಗ ಅಡುಗೆಮನೆಯ ಬಾಗಿಲಿಗೆ ಬಂದ. "ಚಿಕ್ಕಮ್ಮಾ, ಅವಳಿಗೆ ಸುಮ್ನೆ ಯಾಕೆ ಕಷ್ಟ..."

"ನೀನು ಸ್ವಲ್ಪ ತಡಿ. ನನಗೆ ಅವಸರ ಇಲ್ಲ."

ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ದಪ್ಪ ನಾಲಗೆ ಒಂದೊಂದೇ ಅಕ್ಷರವನ್ನು ಹೊತ್ತು ತಂದಿತು. "ಕೈ... ನಡುಗ್ಲಿ. ಮಾತು... ನಂದು."

ಮಗ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. "ಮತ್ತೆ ಸುಟ್ಕೊಂಡ್ರೆ?" ಎಂದ. ಆ ದನಿಯಲ್ಲಿ ಹಟವಿರಲಿಲ್ಲ, ಬರೀ ಹೆದರಿಕೆ.

"ಲೋಟ... ಅರ್ಧ ತುಂಬ್ಸು," ಎಂದಳು ತಾಯಿ.

ಅವನಿಗೆ ನಗು ಬಂತೋ ಅಳು ಬಂತೋ, ಮುಖ ಆಚೆ ತಿರುಗಿಸಿ ರಿಮೋಟು ತೆಗೆದು ಅವಳ ಅಂಗೈಯಲ್ಲಿಟ್ಟ. ಅಲುಗದ ಬೆರಳಿನಿಂದ ಅಕ್ಕ ತಾನೇ ಎರಡನ್ನು ಒತ್ತಿದಳು.

ಕತ್ತರಿಯಮ್ಮ ಈಗ ಕತ್ತರಿ ಎತ್ತಿಕೊಂಡಳು. ಕಿವಿಯ ಹಿಂದೆ, ಗಾಯದ ಗೆರೆಯ ಮೇಲೆ, ಬಲು ನಿಧಾನ ಕತ್ತರಿಸಿದಳು. ಸ್ವಲ್ಪ ಹೊತ್ತಿಗೆ ಬಟ್ಟೆಯ ಕೆಳಗೆ ಕೈ ಮೆಲ್ಲಗೆ ನಡುಗತೊಡಗಿತು. ಮಗ ಅರ್ಧ ಲೋಟ ಚಹಾ ತಂದು ಎದುರಿಗೆ ಹಿಡಿದ.

ಅಕ್ಕ ಗಂಟಲು ಸರಿಮಾಡಿಕೊಂಡಳು. "ಚಹಾ ಹದಿನೈದು ನಿಮಿಷ ತಡವಾಗಿ ಆಗಮಿಸಿದೆ," ಎಂದಳು, ನಿಲ್ದಾಣಕ್ಕೆಲ್ಲ ಕೇಳುವಂತೆ.