ಎಲ್ಲ ಬಾಕ್ಸಿಗೂ ಒಂದೇ ನಂಬರ್

ಇದು ಮೂರು ವರ್ಷಗಳ ಹಿಂದಿನ ಮಾತು. ಆಗ ನಮ್ಮ ಹಳ್ಳಿಗೆ ಹತ್ತಿರದ ಅಜ್ಜಂಪುರದಲ್ಲಿ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಇಪ್ಪತ್ತು ವರ್ಷ ತುಂಬಿತ್ತು. ಸುಟ್ಟುಹೋದ ಬೋರ್‌ವೆಲ್ ಮೋಟಾರನ್ನು ಬಿಚ್ಚಿ, ಹಳೆಯ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಕಸುಬು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ತರೀಕೆರೆಯಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಇದನ್ನು ಕಲಿತೆ. ಬರೆದು ಅಭ್ಯಾಸವಿಲ್ಲ. ಈ ಒಂದು ಸಂಗತಿಯನ್ನು ಮಾತ್ರ ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ನನ್ನ ತಂಗಿ ಸುಮಾ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಬಿಸಿಎ ಓದಿ ಕಡೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಒಂದು ದಿನ ಅಂಗಡಿಗೆ ಬಂದವಳು, ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಕೆಟ್ಟ ಮೊಬೈಲ್ ಸ್ಟಾರ್ಟರ್‌ಗಳನ್ನು ನೋಡಿ, ಇವನ್ನೇಕೆ ರಿಪೇರಿ ಮಾಡಿಲ್ಲ ಎಂದು ಕೇಳಿದಳು. ಮೊಬೈಲ್ ಸ್ಟಾರ್ಟರ್ ಅಂದರೆ ಒಳಗೆ ಸಿಮ್ ಇರುವ ಒಂದು ಬಾಕ್ಸ್. ಅದರ ನಂಬರಿಗೆ ಮೆಸೇಜ್ ಕಳಿಸಿದರೆ ಹೊಲದ ಮೋಟಾರ್ ಆನ್ ಆಗುತ್ತದೆ, ಇನ್ನೊಂದು ಮೆಸೇಜಿಗೆ ಆಫ್ ಆಗುತ್ತದೆ. ಆದರೆ ಕೆಟ್ಟರೆ ಎಸೆಯುವುದೇ ದಾರಿ. ಒಳಗಿನ ಚಿಪ್‌ನಲ್ಲಿ ಏನು ಬರೆದಿದ್ದಾರೆ ಅನ್ನುವುದನ್ನು ಮಾಡಿದವರು ಯಾರಿಗೂ ಹೇಳುವುದಿಲ್ಲ.

"ನಾನೊಂದು ಬರೀತೀನಿ ತಡಿ ಅಣ್ಣ. ನೀನೇ ಬಿಚ್ಚಿ ರಿಪೇರಿ ಮಾಡೋ ಥರದ್ದು" ಎಂದಳು.

ಹೇಳಿದಂತೆ ಬರೆದಳು. ಬರೆದದ್ದನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಳು. ಇದಕ್ಕೆ ಓಪನ್ ಸೋರ್ಸ್ ಎನ್ನುತ್ತಾರೆ. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ನನಗೆ ಇದು ಹೊಸದು ಅನ್ನಿಸಲಿಲ್ಲ. ನನ್ನ ಮೇಸ್ತ್ರಿ, ಒಬ್ಬ ಸುತ್ತಿದ ಮೋಟಾರನ್ನು ಇನ್ನೊಬ್ಬ ಪರೀಕ್ಷೆ ಮಾಡದೆ ವಾರ್ನಿಷ್ ಹೊಡೆಯಲು ಬಿಡುತ್ತಿರಲಿಲ್ಲ. ಸುತ್ತಿದವನ ಕಣ್ಣಿಗೆ ಅವನ ತಪ್ಪು ಕಾಣುವುದಿಲ್ಲ. ಸುಮಾಳ ಕೆಲಸದಲ್ಲೂ ಹಾಗೆಯೇ. ಒಡಿಶಾದಿಂದ ಯಾರೋ ಒಬ್ಬರು ಒಂದು ತಪ್ಪು ತೋರಿಸಿದರು, ಇನ್ನೆಲ್ಲಿಯವರೋ ಒಬ್ಬರು ಅದನ್ನು ತಿದ್ದಿದರು. ಮುಖ ನೋಡದ ಜನ. ಅವಳು ಅವರ ಬಗ್ಗೆ ಪಕ್ಕದ ಬೀದಿಯವರಂತೆ ಮಾತಾಡುತ್ತಿದ್ದಳು.

ಬಾಕ್ಸುಗಳನ್ನು ಜೋಡಿಸಿ ಹೊಲಗಳಿಗೆ ಹಾಕುವ ಕೆಲಸ ನನ್ನದಾಯಿತು. ನಮ್ಮೂರಿನಲ್ಲೂ ಚೌಳಹಿರಿಯೂರಿನ ಕಡೆಯೂ ಸೇರಿ ಇಪ್ಪತ್ತಾರು ಬಾಕ್ಸು ಹಾಕಿದೆ. ಪ್ರತಿ ಬಾಕ್ಸಿಗೂ ಒಂದು ಪಿನ್, ಅಂದರೆ ನಾಲ್ಕು ಅಂಕಿಯ ಗುಟ್ಟಿನ ನಂಬರ್ ಇರುತ್ತದೆ. ಮೆಸೇಜಿನಲ್ಲಿ ಆ ನಂಬರ್ ಸರಿಯಿದ್ದರೆ ಮಾತ್ರ ಮೋಟಾರ್ ತಿರುಗುತ್ತದೆ. ಹೊಸ ಬಾಕ್ಸಿನಲ್ಲಿ ಮೊದಲು ೧೨೩೪ ಎಂದಿರುತ್ತಿತ್ತು.

"ಹಾಕೋವಾಗ್ಲೇ ಅವ್ರ ಕೈಲೇ ಬೇರೆ ನಂಬರ್ ಹಾಕ್ಸು. ನೀನೂ ನೋಡ್ಬೇಡ. ಇದೊಂದು ಮರೀಬೇಡ ಅಣ್ಣ" ಎಂದು ಸುಮಾ ಹೇಳಿದ್ದಳು.

ನಾನು ಮರೆಯಲಿಲ್ಲ, ಬೇಕೆಂದೇ ಬಿಟ್ಟೆ. ನಮ್ಮ ಕಡೆ ಮೋಟಾರಿನ ಪೆಟ್ಟಿಗೆಗಳ ಬೀಗ ಎಲ್ಲವೂ ಒಂದೇ ಥರದವು. ನನ್ನ ಉಡಿದಾರದಲ್ಲಿರುವ ಒಂದೇ ಕೀಲಿಗೆ ಊರಿನ ಎಲ್ಲ ಪೆಟ್ಟಿಗೆಯೂ ತೆರೆಯುತ್ತದೆ. ಪಕ್ಕದ ಹೊಲದವರು ಊರಿಗೆ ಹೋದರೆ ಈಚೆ ಹೊಲದವರೇ ಅವರ ಮೋಟಾರ್ ಹಾಕಿ ತೆಗೆಯುತ್ತಾರೆ. ಇದರಲ್ಲಿ ತಪ್ಪಿದೆ ಎಂದು ನಮಗೆ ಯಾರಿಗೂ ಅನ್ನಿಸಿದ್ದಿಲ್ಲ. ಪಿನ್ನೂ ಹಾಗೇ ಇರಲಿ ಎಂದುಕೊಂಡೆ. ಬೇರೆ ಬೇರೆ ನಂಬರ್ ಹಾಕಿದರೆ ನಾಳೆ ಮರೆಯುತ್ತಾರೆ, ಆಗ ಇಪ್ಪತ್ತಾರು ಹೊಲಕ್ಕೂ ನಾನೇ ಓಡಬೇಕು. ಪ್ರತಿಯೊಬ್ಬರಿಗೂ ಕಿವಿಯ ಹತ್ತಿರ ಹೋಗಿ, "ನಿಮ್ ನಂಬರ್ ಒಂದು ಎರಡು ಮೂರು ನಾಲ್ಕು. ಯಾರ್ಗೂ ಹೇಳ್ಬೇಡಿ" ಎಂದೆ. ಅವರೂ ಯಾರಿಗೂ ಹೇಳಲಿಲ್ಲ. ಊರೆಲ್ಲ ಒಂದೇ ಗುಟ್ಟನ್ನು ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು ಒಂದು ವರ್ಷ ನಡೆಯಿತು.

ಈರುಳ್ಳಿ ಕೀಳುವ ಕಾಲ ಬಂತು. ನಮ್ಮೂರಿನ ಗಿರಿಜಕ್ಕ ತನ್ನ ಹೊಲದ ಈರುಳ್ಳಿಯನ್ನೆಲ್ಲ ಕಿತ್ತು ಸಾಲಿನಲ್ಲೇ ಒಣಗಲು ಬಿಟ್ಟಿದ್ದಳು. ಕಿತ್ತ ಈರುಳ್ಳಿಗೆ ಒಂದು ಹನಿ ನೀರೂ ತಾಗಬಾರದು. ತಾಗಿದರೆ ಕತ್ತಿನಿಂದ ಕೊಳೆಯಲು ಶುರುವಾಗುತ್ತದೆ. ಆ ದಿನ ಬೆಳಗ್ಗೆ ಅವಳು ಚೀಲ ತರಲು ಅಜ್ಜಂಪುರಕ್ಕೆ ಬಂದಿದ್ದಳು. ಮಧ್ಯಾಹ್ನ ಹೊಲಕ್ಕೆ ಹೋದರೆ ಕಿತ್ತಿಟ್ಟ ಈರುಳ್ಳಿಯ ಮೇಲೆ ಸ್ಪ್ರಿಂಕ್ಲರ್ ಗಿರಗಿರ ತಿರುಗುತ್ತಿತ್ತು. ತ್ರೀ ಫೇಸ್ ಕರೆಂಟ್ ಬಂದಾಗಿನಿಂದಲೂ ತಿರುಗುತ್ತಲೇ ಇತ್ತು. ಅವಳು ಯಾರಿಗೂ ಆನ್ ಮಾಡಲು ಹೇಳಿರಲಿಲ್ಲ, ತಾನೂ ಮಾಡಿರಲಿಲ್ಲ.

ಸುದ್ದಿ ತಿಳಿದು ನಾವೆಲ್ಲ ಓಡಿದೆವು. ಹತ್ತಾರು ಜನ ಸೇರಿ ಈರುಳ್ಳಿ ಎತ್ತಿ ಅವಳ ಕೊಟ್ಟಿಗೆಯಲ್ಲಿ ಹರಡಿದೆವು. ಮೋಟಾರ್ ಒಣಗಿಸಲು ಅಂಗಡಿಯಲ್ಲಿಟ್ಟುಕೊಂಡಿದ್ದ ದೊಡ್ಡ ಫ್ಯಾನುಗಳನ್ನು ತಂದು ಹಚ್ಚಿದೆ.

ಮರುದಿನ ಬೆಳಗ್ಗೆ ಗಿರಿಜಕ್ಕನ ಪಕ್ಕದ ಹೊಲದ ರುದ್ರಣ್ಣ ಅಂಗಡಿಗೆ ಬಂದ. ಮಗಳ ಮನೆಗೆಂದು ತರೀಕೆರೆಗೆ ಹೋಗಿದ್ದವನು ಆಗಷ್ಟೇ ಬಂದಿದ್ದ.

"ಏನೋ ಮಂಜ, ನಿನ್ ಬಾಕ್ಸು ಸುಳ್ ಹೇಳ್ತದಲ್ಲೋ! ನಿನ್ನೆ ಬೆಳಿಗ್ಗೆ ಅಲ್ಲಿಂದ್ಲೇ ಆನ್ ಮಾಡ್ದೆ, ಮೋಟಾರ್ ಆನ್ ಆಯ್ತು ಅಂತ ಮೆಸೇಜೂ ಬಂತು. ಹೊಲ್ದಾಗೆ ನೋಡುದ್ರೆ ಒಂದ್ ತೊಟ್ಟು ನೀರ್ ಹರ್ದಿಲ್ಲ."

ಅವನ ಫೋನ್ ಇಸಿದುಕೊಂಡು ನೋಡಿದೆ. ಬಾಕ್ಸುಗಳ ಸಿಮ್ಮುಗಳನ್ನೆಲ್ಲ ನಾನು ಒಟ್ಟಿಗೆ ಕೊಂಡಿದ್ದರಿಂದ ನಂಬರುಗಳು ಒಂದರ ಹಿಂದೆ ಒಂದು ಬಂದಿದ್ದವು. ರುದ್ರಣ್ಣ ಹೊಸ ಫೋನ್ ತೆಗೆದುಕೊಂಡಿದ್ದ. ನೆನಪಿನಿಂದ ನಂಬರ್ ಒತ್ತುವಾಗ ಕೊನೆಯ ಅಂಕಿ ತಪ್ಪಿತ್ತು. ಮೆಸೇಜ್ ಹೋದದ್ದು ಗಿರಿಜಕ್ಕನ ಬಾಕ್ಸಿಗೆ. ಪಿನ್ ಬೇರೆಯಾಗಿದ್ದರೆ ಬಾಕ್ಸು ಸುಮ್ಮನಿರುತ್ತಿತ್ತು. ಎರಡಕ್ಕೂ ಒಂದೇ ಆದದ್ದರಿಂದ ಒಪ್ಪಿಕೊಂಡು ನೀರು ಬಿಟ್ಟಿತ್ತು.

ಫೋನಿನಲ್ಲಿ ಅವನ ಬಾಕ್ಸಿನ ನಂಬರ್ ಸರಿಮಾಡಿದೆ. ಆಮೇಲೆ, "ಕಾಂಟ್ಯಾಕ್ಟ್ ಲೂಸ್ ಆಗಿರ್ಬೇಕು ರುದ್ರಣ್ಣ, ಬಂದು ನೋಡ್ತೀನಿ" ಎಂದು ಕಳಿಸಿಬಿಟ್ಟೆ.

ಅಂದು ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಜನ ಅಲ್ಲೇ ಜಗಲಿಯ ಮೇಲೆ ಸೇರಿದರು. ಡೇರಿಯ ಅಧ್ಯಕ್ಷ ಪರಮೇಶಣ್ಣ ಸುಮಾಳನ್ನು ಕರೆಸಿದ್ದ.

"ಅಲ್ಲಮ್ಮ, ನೀನು ಬರ್ದಿದ್ದನ್ನೆಲ್ಲ ಲೋಕಕ್ಕೇ ಕಾಣೋ ಹಂಗೆ ಹಾಕಿದೀಯಂತೆ? ಮನೆ ನಕ್ಷೆ ಬರ್ದು ಕಳ್ಳನ ಕೈಗೆ ಕೊಟ್ಟಂಗಾಯ್ತಲ್ಲ!"

"ನಕ್ಷೆ ನೋಡಿದ್ರೆ ಬೀಗ ತೆಗ್ಯಲ್ಲ ಪರಮೇಶಣ್ಣ. ಕೀಲಿ ಬೇಕು. ಕೀಲಿ ನಿಮ್ ನಿಮ್ ಹತ್ರಾನೇ ಇದೆ" ಎಂದಳು ಸುಮಾ. ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣ, ಎಲ್ಲರ್ಗೂ ಬೇರೆ ಬೇರೆ ನಂಬರ್ ತಾನೇ ಹಾಕ್ಸಿದ್ದು?"

"ಹ್ಞೂಂ" ಎಂದೆ.

ಗಿರಿಜಕ್ಕ ಕೂಗಾಡಿದಳು. "ಓದಿದೀವಿ ಅಂತ ನಮ್ ಹೊಲದಾಗೆ ಕಲಿಯಾಕೆ ಬಂದ್ಯೇನೇ? ನಿನ್ ಬಾಕ್ಸು ಬಿಚ್ಕೊಂಡ್ ಹೋಗು, ಇನ್ಮೇಲೆ ನಮ್ ಕಡೆ ತಲೆ ಹಾಕ್ಬೇಡ!" "ಹುಡುಕ್ತೀನಿ ಗಿರಿಜಕ್ಕ. ಎಲ್ಲಿ ತಪ್ಪಾಗಿದೆ ನೋಡ್ತೀನಿ" ಎಂದಳು ಸುಮಾ. ಅದೇ ಜಗಲಿಯಲ್ಲಿ ಯಾರೋ ನನ್ನ ಬೆನ್ನು ತಟ್ಟಿ, "ಇವ್ನು ನೋಡು ಅಣ್ಣ ಅಂದ್ರೆ. ತಂಗಿ ಮಾಡಿದ್ದನ್ನ ಫ್ಯಾನ್ ಹಾಕಿ ಒಣಗಿಸ್ತಾವ್ನೆ" ಎಂದರು. ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು.

ಆ ವಾರವೆಲ್ಲ ಸುಮಾ ಕಡೂರಿನಿಂದ ಬಂದವಳೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಆಗಿನ ಬಾಕ್ಸು ಯಾರ ಮೆಸೇಜಿಗೆ ಆನ್ ಆಯಿತು ಎಂದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಹೀಗಾಗಿ ಅವಳು ತಾನು ಬರೆದದ್ದನ್ನೇ ಸಾಲು ಸಾಲಾಗಿ ಓದುತ್ತಿದ್ದಳು. ಒಂದು ಬಾಕ್ಸನ್ನು ಮೇಜಿನ ಮೇಲಿಟ್ಟು ತಪ್ಪು ತಪ್ಪು ಪಿನ್ ಕಳಿಸಿ ನೋಡುತ್ತಿದ್ದಳು. ಬಾಕ್ಸು ಒಂದಕ್ಕೂ ಬಗ್ಗುತ್ತಿರಲಿಲ್ಲ. ಊಟಕ್ಕೆ ಕರೆದರೆ, "ಇಲ್ಲೆಲ್ಲೋ ಇದೆ ಅಣ್ಣ, ಕಣ್ಣಿಗೆ ಕಾಣ್ತಿಲ್ಲ ಅಷ್ಟೇ" ಎನ್ನುತ್ತಿದ್ದಳು. ಇಲ್ಲದ ತಪ್ಪನ್ನು ಅವಳು ಹುಡುಕುತ್ತಿದ್ದಳು. ಇದ್ದ ತಪ್ಪು ಅವಳ ಎದುರಿಗೇ ಕೂತು ಮುದ್ದೆ ಮುರಿಯುತ್ತಿತ್ತು.

ಯಾಕೆ ಬಾಯಿ ಬಿಡಲಿಲ್ಲ ಎಂದು ಈಗ ಕೇಳಿಕೊಂಡರೆ ಒಂದೇ ಕಾರಣ ಸಿಗುತ್ತದೆ. ಬಾಕ್ಸು ಹಾಕಲು ಶುರುಮಾಡಿದ ಮೇಲೆ ಜನ ನನ್ನನ್ನು ಬರೀ ತಂತಿ ಸುತ್ತುವವನು ಎಂದು ನೋಡುತ್ತಿರಲಿಲ್ಲ. ಮಂಜಣ್ಣನಿಗೆ ಕಂಪ್ಯೂಟರ್ ಕೆಲಸವೂ ಬರುತ್ತದೆ ಎನ್ನುತ್ತಿದ್ದರು. ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಅವಳಾದರೆ ಓದಿದವಳು, ಹೇಗೋ ತಡೆದುಕೊಳ್ಳುತ್ತಾಳೆ ಎಂದುಕೊಂಡೆ.

ಭಾನುವಾರ ಬೆಳಗ್ಗೆ ಅವಳು ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಟೈಪ್ ಮಾಡುತ್ತಿದ್ದಳು. ಏನು ಬರೆಯುತ್ತಿದ್ದೀಯ ಎಂದು ಕೇಳಿದೆ.

"ನನ್ ಕೋಡ್ ಬಳಸ್ತಿರೋರಿಗೆಲ್ಲ ಹೇಳ್ತಿದೀನಿ. ನಾನು ಬರ್ದಿದ್ರಲ್ಲಿ ದೋಷ ಇದೆ, ಒಬ್ರ ಬೆಳೆ ಹಾಳಾಗಿದೆ, ಎಲ್ಲಿ ಅಂತ ನಂಗಿನ್ನೂ ಸಿಕ್ಕಿಲ್ಲ, ಸಿಗೋವರ್ಗೂ ದಯವಿಟ್ಟು ಯಾರೂ ಬಳಸ್ಬೇಡಿ ಅಂತ."

"ದೋಷ ಸಿಕ್ಕೇ ಇಲ್ವಲ್ಲ. ಯಾಕ್ ಹೇಳ್ಬೇಕು?"

"ಸಿಕ್ಕಿಲ್ಲ ಅಂತ ಸುಮ್ನಿದ್ರೆ ಇನ್ನೊಬ್ರ ಹೊಲಕ್ಕೂ ನೀರ್ ಬಿಟ್ರೆ? ನಂಬಿ ಹಾಕ್ಕೊಂಡಿರೋರಿಗೆ ಮೊದ್ಲು ಹೇಳ್ಬೇಕಣ್ಣ. ಮರ್ಯಾದೆ ಆಮೇಲೆ."

ನನಗೆ ಕೂರಲು ಆಗಲಿಲ್ಲ. ಹಿತ್ತಲಿನ ತನಕ ಹೋಗಿ ವಾಪಸು ಬಂದೆ. ಅವಳ ಬೆರಳು ಇನ್ನೂ ಓಡುತ್ತಿತ್ತು.

"ಕಳಿಸ್ಬೇಡ ಸುಮಾ. ನಿನ್ ಕೋಡಲ್ಲಿ ಏನೂ ಇಲ್ಲ. ನಾನು ನಂಬರ್ ಬದಲಾಯಿಸ್ಲಿಲ್ಲ."

"ಯಾರ್ದು?"

"ಯಾರ್ದೂ."

ರುದ್ರಣ್ಣನ ಫೋನಿನ ವಿಷಯವನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ನಿನ್ನ ಬೈಯ್ಯೋದು ಇದೆ, ಆಮೇಲೆ ಬೈತೀನಿ" ಎಂದಳು. ಬರೆದದ್ದನ್ನು ಅಳಿಸಲು ಹೋದವಳು ನಿಲ್ಲಿಸಿದಳು. "ಆದ್ರೆ ದೋಷ ಇರೋದು ನಿಜಾನೇ. ಬದಲಾಯಿಸ್ದೇ ಇದ್ರೂ ಬಾಕ್ಸು ಕೆಲ್ಸ ಮಾಡೋ ಹಂಗೆ ಬರ್ದೋಳು ನಾನೇ. ಹಂಗೆ ಬಿಡ್ಬಾರ್ದಿತ್ತು."

ನನ್ನ ತಪ್ಪಿನ ಭಾರ ಹಗುರ ಮಾಡಲು ಹೇಳಿದ್ದಲ್ಲ ಅದು. ಅವರ ಕೆಲಸದಲ್ಲಿ ಹಾಗೆಯೇ ಯೋಚಿಸಬೇಕಂತೆ. ಮನುಷ್ಯ ಸೋಮಾರಿತನ ಮಾಡುತ್ತಾನೆ ಎಂದು ಮೊದಲೇ ಲೆಕ್ಕ ಹಾಕಿ ಬರೆಯಬೇಕು. ಅವಳು ನಡೆದದ್ದನ್ನು ನಡೆದಂತೆ ಬರೆದು ಎಲ್ಲರಿಗೂ ಕಳಿಸಿದಳು. ಎರಡು ದಿನದಲ್ಲಿ ಒಡಿಶಾದವರ ಉತ್ತರ ಬಂತು. ಅವರ ಮೆಕ್ಯಾನಿಕ್ಕೂ ಎಲ್ಲ ಬಾಕ್ಸಿಗೂ ೧೨೩೪ ಬಿಟ್ಟಿದ್ದನಂತೆ. ಇದನ್ನು ಓದಿದ ಮೇಲೆ ಹೋಗಿ ನೋಡಿ ಎಲ್ಲವನ್ನೂ ಬದಲಾಯಿಸಿದರಂತೆ. ನಾನು ಮುಖ ನೋಡದ ಆ ಮೆಕ್ಯಾನಿಕ್ ನನ್ನ ತಮ್ಮನೇ ಅನ್ನಿಸಿತು.

ಡೇರಿಯ ಜಗಲಿಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಿತ್ತು. ಹೇಳಿದೆ. ಪರಮೇಶಣ್ಣ ಸುಮ್ಮನೆ ಬಿಡಲಿಲ್ಲ. "ಒಂಬತ್ತನೇ ಕ್ಲಾಸ್‌ವರ್ಗೂ ಹೋಗಿದ್ದೆ ಅಂತಿದ್ದೆ. ಎಣಿಸಾಕೆ ನಾಲ್ಕರ ತನಕ ಮಾತ್ರ ಬತ್ತದೇನೋ ನಿಂಗೆ?" ಎಂದ. ಜಗಲಿಯೆಲ್ಲ ನಕ್ಕಿತು. ರುದ್ರಣ್ಣ ನಗಲಿಲ್ಲ. "ನಂಗ್ಯಾಕೋ ಅವತ್ತೇ ಹೇಳ್ಲಿಲ್ಲ? ನನ್ ಬೆರಳಿಂದ ಆಗಿದ್ದು ನಂಗೇ ಗೊತ್ತಿಲ್ಲ ಅಂದ್ರೆ!" ಎಂದು ಗದರಿದ. ಅದು ಸರಿಯಾದ ಮಾತು.

ಗಿರಿಜಕ್ಕನ ಮನೆಗೆ ಬೇರೆಯಾಗಿಯೇ ಹೋದೆ. ಅವಳು ಕೊಟ್ಟಿಗೆಯಲ್ಲಿ ಈರುಳ್ಳಿ ಆರಿಸುತ್ತಿದ್ದಳು. ಬಹುಪಾಲು ಉಳಿದಿತ್ತು, ಕೊಳೆತದ್ದು ಒಂದು ಮೂಲೆಯಲ್ಲಿತ್ತು. ಆ ಮೂಲೆಯ ಲೆಕ್ಕ ನನ್ನದು, ನಾನು ತುಂಬಿಕೊಡುತ್ತೇನೆ ಎಂದೆ.

"ಈರುಳ್ಳಿ ಮಾತು ಆಮೇಲಾಡನ. ಆ ಹೆಣ್ಮಗೂನ ನಾನು ನಾಕ್ ಜನರ ಮುಂದೆ ಅಂಗಂದ್ಬಿಟ್ನಲ್ಲೋ! ನೀನು ಬಾಯಿಗೆ ಮುದ್ದೆ ತುರುಕ್ಕೊಂಡ್ ನಿಂತಿದ್ಯಲ್ಲ, ನಿನ್ನ ಮುಂಡಾಮೋಚ್ತು!" ಎಂದು ಕೈಯಲ್ಲಿದ್ದ ಈರುಳ್ಳಿಯನ್ನೇ ನನ್ನತ್ತ ಎಸೆದಳು. "ನಡಿ, ಕರ್ಕೊಂಡೋಗು ಅವ್ಳತ್ರ."

ಸೆರಗಿಗೆ ಕೈ ಒರೆಸಿಕೊಂಡು ನನ್ನ ಬೈಕು ಹತ್ತಿದಳು. ದಾರಿಯುದ್ದಕ್ಕೂ ಬೈದಳು. ಮನೆಯೊಳಗೆ ಇಬ್ಬರೂ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ನನ್ನನ್ನು ಹೊರಗೇ ನಿಲ್ಲಿಸಿದ್ದರು. ಕಾಫಿ ಮಾತ್ರ ನನಗೆ ಬರಲಿಲ್ಲ.

ಸುಮಾ ಬರೆದದ್ದನ್ನು ತಿದ್ದಿದಳು. ಈಗ ಹೊಸ ಬಾಕ್ಸು ೧೨೩೪ಕ್ಕೆ ಮೋಟಾರ್ ಹಾಕುವುದೇ ಇಲ್ಲ. ಮೊದಲು ಹೊಲದವರು ತಮ್ಮ ನಂಬರ್ ಕೊಡಬೇಕು. ಯಾವ ಫೋನಿನಿಂದ ಮೆಸೇಜ್ ಬಂತು ಎಂಬುದನ್ನೂ ಅದು ನೆನಪಿಟ್ಟುಕೊಳ್ಳುತ್ತದೆ, ಆನ್ ಆದಾಗ ಬರುವ ಮೆಸೇಜಿನಲ್ಲಿ ಯಾರ ಹೊಲ ಎಂದು ಹೆಸರು ಹೇಳುತ್ತದೆ. ಇಪ್ಪತ್ತಾರು ಬಾಕ್ಸನ್ನೂ ಬಿಚ್ಚಿ ಹೊಸದನ್ನು ತುಂಬಿಸಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕೂಲಿ ಕೇಳಲಿಲ್ಲ. ಮೊದಲು ಹೋದದ್ದು ಗಿರಿಜಕ್ಕನ ಹೊಲಕ್ಕೆ.

ಬಾಕ್ಸು ಜೋಡಿಸಿ, ಈಗ ನಿಮ್ಮ ನಂಬರ್ ಒತ್ತಿ ಎಂದೆ. ಅವಳು ಫೋನನ್ನು ಸೆರಗಿನೊಳಗೆ ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಕಡೆ ತಿರುಗ್ಕೊಳ್ಳೋ."

ತಿರುಗಿ ನಿಂತೆ. ಮುಂದೆ ಅವಳ ಹೊಲ ಹೊಸ ಬೆಳೆಗೆ ಹದವಾಗಿತ್ತು. ಹಿಂದೆ ಒಂದೊಂದೇ ಅಂಕಿ ಒತ್ತುವ ಸದ್ದು ಕೇಳುತ್ತಿತ್ತು. ಮೋಟಾರ್ ತಿರುಗಿ ಪೈಪಿನಲ್ಲಿ ನೀರು ಏರಿತು. "ಹ್ಞೂಂ, ಈಗ ತಿರುಗು" ಎಂದಳು.

ಇವತ್ತಿಗೂ ಯಾರ ಹೊಲದಲ್ಲಿ ಬಾಕ್ಸು ಹಾಕಿದರೂ ಆ ಹೊತ್ತಿಗೆ ಯಾರೂ ಹೇಳದೆಯೇ ಬೆನ್ನು ಮಾಡಿ ನಿಲ್ಲುತ್ತೇನೆ. ಮೋಟಾರ್ ಬಿಚ್ಚಿ ಒಳಗನ್ನು ಎಲ್ಲರಿಗೂ ತೋರಿಸುವುದನ್ನು ಮೇಸ್ತ್ರಿ ಕಲಿಸಿದ್ದರು. ನೋಡಬಾರದ್ದನ್ನು ನೋಡದೆ ನಿಲ್ಲುವುದೂ ಕೆಲಸವೇ ಎಂಬುದನ್ನು ಕಲಿಯಲು ನನಗೆ ಗಿರಿಜಕ್ಕನ ಹೊಲವೇ ಬೇಕಾಯಿತು.