ಎರಡೂವರೆ ಸೆಕೆಂಡಿನಾಚೆ

ಇಂಥ ಅನುಭವಗಳನ್ನು ಹೇಳುವವರ ಎದುರು ಮುಖ ತಿರುಗಿಸಿಕೊಂಡು ನಕ್ಕವನು ನಾನು. ನನ್ನ ನೆನಪನ್ನೂ ಪೂರ್ತಿ ನಂಬುವುದಿಲ್ಲ. ಇದನ್ನು ಬರೆಯಲು ಕುಳಿತಾಗಲೆಲ್ಲ ಕೈ ತಾನಾಗಿ ‘ಆ ರಾತ್ರಿ’ ಎಂದು ಶುರುಮಾಡುತ್ತದೆ. ರಾತ್ರಿಯಲ್ಲ, ಬಿಸಿಲಿಳಿಯದ ಮಧ್ಯಾಹ್ನ. ಮೆಕ್ಕೆಜೋಳದ ಹೊಲಗಳ ಮೇಲೆ ಚಂದ್ರ ಇದ್ದಾನೋ ಇಲ್ಲವೋ ಎಂಬಷ್ಟು ಬಿಳಿಚಿಕೊಂಡಿದ್ದ.

ಹವ್ಯಾಸಿ ರೇಡಿಯೊದವರಲ್ಲಿ ಕೆಲವರಿಗೆ ಒಂದು ಹುಚ್ಚಿದೆ: ಚಂದ್ರನತ್ತ ಸಂಕೇತ ಕಳಿಸಿ, ಅದು ಅಲ್ಲಿ ಬಡಿದು ಹಿಂದಿರುಗುವುದನ್ನು ಕೇಳುವುದು. ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಬೇಕು. ಹೆಂಡತಿ ತೀರಿಕೊಂಡ ಮೇಲೆ ಶಿಕಾರಿಪುರದ ನನ್ನ ಮನೆಯ ತಾರಸಿಯಲ್ಲಿ ನಾನೂ ಶುರುಮಾಡಿದೆ. ಮನೆಯೊಳಗೆ ಆಡಿದ ಮಾತಿಗಂತೂ ಉತ್ತರ ಬರುತ್ತಿರಲಿಲ್ಲ.

ಜೊತೆಗಿದ್ದವರು ಸೊರಬದ ವೀರಭದ್ರಪ್ಪನವರೊಬ್ಬರೇ. ತಂತಿ ಕಚೇರಿಯಲ್ಲಿದ್ದು ನಿವೃತ್ತರಾದವರು, ನನಗೆ ಮೋರ್ಸ್ ಸಂಕೇತ ಕಲಿಸಿದವರು. ಅವರ ಕಿವಿ ದಿನದಿನಕ್ಕೆ ಮಂದವಾಗುತ್ತಿತ್ತು. “ಬಸ್ಸಲ್ಲಿ ನಮ್ಮನೆಗೆ ಬಂದ್ರೆ ಚಾ ಆದ್ರೂ ಸಿಗ್ತದೆ. ನೀವು ಚಂದ್ರನ್ ಮೇಲೆ ಹಾದು ಬರೋ ಆಸಾಮಿ,” ಎಂದು ಚುಡಾಯಿಸುತ್ತಿದ್ದರು. ಒಮ್ಮೆ ಮಾತ್ರ ದನಿ ತಗ್ಗಿಸಿ, “ಬೇಗ ಮಾಡಿ ಮಾರಾಯ್ರೆ. ಕಿವಿ ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಕೇಳ್ಬೇಕು,” ಎಂದರು.

ಆ ಮಧ್ಯಾಹ್ನ ಆಂಟೆನಾಗಳನ್ನು ಚಂದ್ರನತ್ತ ತಿರುಗಿಸಿ ಇಬ್ಬರೂ ಹೆಡ್‌ಫೋನ್ ಹಾಕಿಕೊಂಡೆವು. ಅವರದರ ದನಿಯನ್ನು ಪೂರ್ತಿ ಏರಿಸಿದ್ದೆ. ಮೋರ್ಸ್ ಬಡಿಯುವ ಕೀ ಒತ್ತಿ ಬಿಟ್ಟೆ. ಬರೀ ಸುಂಯ್ ಎನ್ನುವ ಸದ್ದು. ಅದರಡಿಯಿಂದ, ತಡವಾಗಿ, ನಾನು ಕಳಿಸಿದ್ದೇ ಸಣ್ಣಗೆ ಬಂತು.

“ಬಂತು ಕಣ್ರೀ!” ವೀರಭದ್ರಪ್ಪನವರು ನನ್ನ ತೋಳು ಹಿಡಿದರು.

ಮತ್ತೆ ಮತ್ತೆ ಒತ್ತಿದೆ, ಮತ್ತೆ ಮತ್ತೆ ಬಂತು. ಅವರ ಕಣ್ಣು ತುಂಬಿತ್ತೆಂದು ನನ್ನ ನೆನಪು. ನಾನೇ ಸೇರಿಸಿದ್ದೂ ಇರಬಹುದು.

ಅವರನ್ನು ಬಸ್ ಹತ್ತಿಸಿ ಬಂದು ನೋಡಿದರೆ, ಸಂಕೇತ ಕಳಿಸುವ ಕೇಬಲ್ ಆಂಟೆನಾಕ್ಕೆ ಸಿಕ್ಕಿಸಿಯೇ ಇರಲಿಲ್ಲ. ಬೆಳಿಗ್ಗೆ ಪರೀಕ್ಷೆಗೆಂದು ಡಮ್ಮಿ ಲೋಡಿಗೆ ಹಾಕಿದ್ದು ಹಾಗೇ ಇತ್ತು. ಸಂಕೇತವನ್ನೆಲ್ಲ ನುಂಗಿ ಶಾಖ ಮಾಡುವ ಡಬ್ಬಿ ಅದು. ಹೊಸಬರು ಮಾಡುವ ತಪ್ಪು. ಮುಟ್ಟಿದೆ, ಇನ್ನೂ ಬಿಸಿಯಿತ್ತು. ಅಲ್ಪಸ್ವಲ್ಪ ಸೋರಿದ್ದರೂ ಆ ಕ್ಷಣವೇ ಕೇಳಬೇಕಿತ್ತು, ಎರಡೂವರೆ ಸೆಕೆಂಡು ಕಾಯುವುದಿಲ್ಲ. ಆಕಾಶಕ್ಕೆ ನಾನು ಏನನ್ನೂ ಕಳಿಸಿರಲಿಲ್ಲ.

ಹೇಳಲೋ ಬೇಡವೋ ಎಂದು ಹೊಯ್ದಾಡಿ ನಾನು ಸೊರಬಕ್ಕೆ ಹೋಗುವಷ್ಟರಲ್ಲಿ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಅಂಗೈ ಮೇಲೆ ಬೆರಳಿನಿಂದ ಮೋರ್ಸ್‌ನಲ್ಲಿ ಬಡಿದು ಎಲ್ಲ ತಿಳಿಸಿದೆ. ಇದ್ದ ಒಂದು ಸಂತೋಷವನ್ನೂ ಕಿತ್ತುಕೊಂಡೆ ಅನ್ನಿಸಿತು.

ಅವರು ಅಂಗೈ ಮಡಚಿಕೊಂಡರು. “ನಂಗೂ ಒಂದು ಅನುಮಾನ ಇತ್ತು. ಕೀ ಒತ್ತೋದ್ರಲ್ಲಿ ಒಬ್ಬೊಬ್ರದು ಒಂದೊಂದ್ ಕೈ ಅಲ್ವ? ಕೇಳಿದ್ರೇ ಗೊತ್ತಾಗ್ತದೆ. ಅವತ್ತು ವಾಪಸ್ ಬಂದಿದ್ದು ನಿಮ್ ಕೈ ಅಲ್ಲ ಮಾರಾಯ್ರೆ. ನಂದು.”

ನಾನು ಕೇಳಿದ್ದು ನನ್ನದೇ ಕೈ. ಆಣೆ ಮಾಡಿ ಹೇಳಬಲ್ಲೆ ಎಂದುಕೊಂಡಿದ್ದೆ. ಅವರಂತೂ ಅವತ್ತು ಕೀ ಮುಟ್ಟಿಯೇ ಇರಲಿಲ್ಲ.

ಆಮೇಲೆ ಕೇಬಲ್ ಸರಿಯಾಗಿ ಸಿಕ್ಕಿಸಿ ಎಷ್ಟೋ ಸಲ ಚಂದ್ರನತ್ತ ಕಳಿಸಿದ್ದೇನೆ. ಇವತ್ತಿನವರೆಗೂ ಏನೂ ಮರಳಿಲ್ಲ.