‘ಓಪನ್ ಮಾಡ್ರಿ’ ಅಂದವರು ಯಾರು?

ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬಳಿ ದೆವ್ವದ ಕಥೆಗಳಿಗೆ ಬರವಿಲ್ಲ. ಖಾಲಿ ವಾರ್ಡಿನಲ್ಲಿ ಗಂಟೆ ಬಾರಿಸಿತು ಎನ್ನುವವರು, ಸತ್ತವರು ಕೆಮ್ಮಿದ್ದನ್ನು ಕೇಳಿದೆ ಎನ್ನುವವರು, ಎಲ್ಲರನ್ನೂ ನಾನು ನೋಡಿದ್ದೇನೆ. ನೋಡಿ ನಕ್ಕಿದ್ದೇನೆ. ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಬಹಳ ವರ್ಷ ದುಡಿದವಳು ನಾನು. ಅಲ್ಲಿ ಕಣ್ಣಿಗೆ ಕಂಡದ್ದು, ಎಣಿಕೆಗೆ ಸಿಕ್ಕಿದ್ದು ಮಾತ್ರ ಖರೆ ಎಂದು ನಂಬಿದವಳು. ಆದ್ದರಿಂದ ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರನ್ನೂ ನೋಡಿ ನಗುತ್ತಿದ್ದೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಾನು ಬನಹಟ್ಟಿಯವಳು. ಮನೆಯಲ್ಲೇ ನಾಲ್ಕು ಪವರ್‌ಲೂಮು ಇದ್ದವು. ಆ ಗದ್ದಲದ ನಡುವೆ ಅಪ್ಪ ಆಚೆ ತುದಿಯಿಂದ ಮೆಲ್ಲಗೆ ಕರೆದರೂ ನನಗೆ ಕೇಳಿಸುತ್ತಿತ್ತು. ನನ್ನ ಕಿವಿ ಅಷ್ಟು ಸುಲಭವಾಗಿ ಮೋಸಹೋಗುವಂಥದ್ದಲ್ಲ.

ರೋಗಿಯ ಹೆಸರು ಮಲ್ಲಪ್ಪ ಎಂದಿಟ್ಟುಕೊಳ್ಳಿ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟಿ, ಅಂದರೆ ದೊಡ್ಡ ದೊಡ್ಡ ಅಚ್ಚು, ಹೊರುವ ಹಮಾಲ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಅವನ ಲಿವರ್‌ನಲ್ಲಿ ನೀರು ತುಂಬಿದ ದೊಡ್ಡ ಗುಳ್ಳೆ ಆಗಿತ್ತು. ನಾಯಿಯ ಹೊಟ್ಟೆಯಲ್ಲಿರುವ ಒಂದು ಜಾತಿಯ ಹುಳುವಿನಿಂದ ಬರುವ ರೋಗ ಅದು. ಆ ಗುಳ್ಳೆ ಹೊಟ್ಟೆಯೊಳಗೇ ಒಡೆದರೆ ಕೆಲವೊಮ್ಮೆ ಮನುಷ್ಯ ನಿಂತ ನಿಲುವಿನಲ್ಲೇ ಹೋಗಿಬಿಡುತ್ತಾನೆ. ನಮ್ಮ ಸರ್ಜನ್‌ರು, ನಾವೆಲ್ಲ ‘ಸರ್’ ಎನ್ನುತ್ತಿದ್ದವರು, ಕ್ಯಾಮೆರಾ ಆಪರೇಷನ್ನಿಗೆ ಸುತ್ತ ನಾಲ್ಕು ತಾಲೂಕಿನಲ್ಲಿ ಹೆಸರಾದವರು. ಹೊಟ್ಟೆಗೆ ಸಣ್ಣ ತೂತು ಹಾಕಿ, ಗ್ಯಾಸ್ ತುಂಬಿ ಉಬ್ಬಿಸಿ, ಒಳಗೆ ಕ್ಯಾಮೆರಾ ಬಿಟ್ಟು, ಟಿ.ವಿ. ನೋಡುತ್ತಾ ಉದ್ದನೆಯ ಕಡ್ಡಿಗಳಿಂದ ಕೆಲಸ ಮುಗಿಸುವುದು. ನಡುವೆ ಅದನ್ನು ಬಿಟ್ಟು ಹೊಟ್ಟೆ ಕೊಯ್ಯುವುದೆಂದರೆ ಅವರಿಗೆ ಕುಸ್ತಿಯಲ್ಲಿ ಚಿತ್ ಆದಷ್ಟು ಬೇಸರ.

ಮಲ್ಲಪ್ಪನಿಗೂ ಅದೇ ಬೇಕಾಗಿತ್ತು. “ಸಾಹೇಬ್ರ, ನಾ ಹೊರಾಂವ. ಹೊಟ್ಟಿ ಕೊಯ್ದ್ರ ನನ್ನ ಕಸುಬು ಮುಗೀತ್ರಿ. ತೂತ ಹಾಕೇ ತೆಗೀರಿ,” ಎಂದು ಸರ್ ಕೈ ಹಿಡಿದುಕೊಂಡಿದ್ದ. “ನಾಕ ತೂತು, ಅಷ್ಟ,” ಎಂದು ಸರ್ ಮಾತು ಕೊಟ್ಟಿದ್ದರು. ಅಗತ್ಯ ಬಿದ್ದರೆ ಹೊಟ್ಟೆ ತೆರೆಯಲು ಒಪ್ಪಿಗೆ ಇದೆ ಎಂಬ ಕಾಗದದ ಮೇಲೆ ಅವನು ಸಹಿ ಮಾಡುವಾಗ ಹೆಂಡತಿ ಶಾಂತವ್ವ ನನ್ನ ಮುಖ ನೋಡಿ, “ಅಂಥಾದ್ದೇನ್ ಬೀಳೂದಿಲ್ಲ ಅಲ್ರೀ ಅಕ್ಕಾರ?” ಎಂದು ಕೇಳಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದ್ದೆ.

ಬೆಳಿಗ್ಗೆ ಹನ್ನೊಂದರ ಹೊತ್ತು. ಥಿಯೇಟರಿನಲ್ಲಿ ನಾವು ಎಚ್ಚರವಿದ್ದವರು ನಾಲ್ಕೇ ಜನ: ಸರ್, ಎದುರಿಗೆ ಕ್ಯಾಮೆರಾ ಹಿಡಿದ ಕಿರಿಯ ಡಾಕ್ಟರು, ತಲೆಯ ಬಳಿ ಅರಿವಳಿಕೆ ಕೊಡುವ ಮೇಡಂ, ಸರ್ ಎಡಕ್ಕೆ ನಾನು. ಹೊಟ್ಟೆ ತೆರೆಯಲು ಬೇಕಾಗುವ ಸಲಕರಣೆಗಳ ದೊಡ್ಡ ಸೆಟ್ ನನ್ನ ಪಕ್ಕದ ಟೇಬಲ್ಲಿನ ಮೇಲೆ ಹಸಿರು ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಪ್ರತಿ ಕ್ಯಾಮೆರಾ ಆಪರೇಷನ್ನಿಗೂ ಅದನ್ನು ಹಾಗೆ ಇಟ್ಟುಕೊಳ್ಳುತ್ತೇವೆ. ತಿಂಗಳುಗಟ್ಟಲೆ ಆ ಬಟ್ಟೆ ಸರಿಸಿರಲಿಲ್ಲ.

ಅಗದಿ ಚೆಂದ ನಡೆದಿತ್ತು. ಟಿ.ವಿ.ಯಲ್ಲಿ ಲಿವರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಸರ್ ಗುಳ್ಳೆಯ ನೀರು ಹೀರಿ ತೆಗೆದು, ಒಳಗೆ ಔಷಧ ಬಿಟ್ಟು, ಗುಳ್ಳೆಯ ಹಿಂಬದಿಯ ಪೊರೆ ಬಿಡಿಸಲು ಕಡ್ಡಿ ಮುಂದೆ ಒಯ್ದರು.

ಆಗ ಸರ್ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಸಿಸ್ಟರ್, ಓಪನ್ ಮಾಡೂಣು.”

ಯಾಕೆಂದು ಕೇಳುವುದು ನನ್ನ ಕೆಲಸವಲ್ಲ. ತುಟಿ ಪಿಟಕ್ಕೆನ್ನದೆ ಹಸಿರು ಬಟ್ಟೆ ಸರಿಸಿದೆ. ಚಾಕುವಿಗೆ ಬ್ಲೇಡ್ ಹಾಕಿದೆ. ರಕ್ತನಾಳ ಹಿಡಿಯುವ ದೊಡ್ಡ ಇಕ್ಕಳಗಳನ್ನು ಕೈಗೆ ಸಿಗುವಂತೆ ಜೋಡಿಸಿದೆ. ಕತ್ತೆತ್ತಿದರೆ ಸರ್ ನನ್ನನ್ನೇ ನೋಡುತ್ತಾ ನಿಂತಿದ್ದರು. ಕಡ್ಡಿ ಅಲ್ಲೇ ನಿಂತಿತ್ತು.

“ಯಾಕ್ರಿ ಸಿಸ್ಟರ್? ಏನ್ ಕಾಣಿಸ್ತು ನಿಮಗ?”

“ಏನಿಲ್ರಿ ಸರ್. ನೀವ ಅಂದ್ರಲ್ರಿ, ಓಪನ್ ಮಾಡೂಣು ಅಂತ.”

“ನಾ ಎಲ್ಲಿ ಅಂದೆ? ‘ಸರ್, ಓಪನ್ ಮಾಡ್ರಿ’ ಅಂತ ನೀವ ಅಂದ್ರಿ!”

ಅಷ್ಟು ವರ್ಷಗಳಲ್ಲಿ ಹೀಗೆ ಮಾಡಿರಿ ಎಂದು ನಾನು ಸರ್ಜನ್‌ರಿಗೆ ಒಮ್ಮೆಯೂ ಹೇಳಿದವಳಲ್ಲ. ಮೇಡಂ ತಲೆಯೆತ್ತಿ, “ಯಾರೂ ಏನೂ ಅಂದಿಲ್ರಿ. ಬಿ.ಪಿ. ಛಲೋ ಐತಿ, ಮುಂದುವರಸ್ರಿ,” ಎಂದರು. ಕಿರಿಯ ಡಾಕ್ಟರೂ ತನಗೇನೂ ಕೇಳಿಸಲಿಲ್ಲವೆಂದರು.

ಸರ್ ಟಿ.ವಿ. ನೋಡಿದರು. ನನ್ನನ್ನು ನೋಡಿದರು. ಮತ್ತೆ ಟಿ.ವಿ. ನೋಡಿದರು. ಕೊಟ್ಟ ಮಾತು ನೆನಪಾಗಿರಬೇಕು, ಒಮ್ಮೆ ಕಣ್ಣು ಮುಚ್ಚಿದರು. ಆಮೇಲೆ ಕಡ್ಡಿ ಹೊರಗೆಳೆದು, “ಗ್ಯಾಸ್ ಬಂದ್ ಮಾಡ್ರಿ. ಚಾಕು ಕೊಡ್ರಿ,” ಎಂದರು. ಮೇಡಂ ಗಾಬರಿಯಾಗಿ, “ಕಾರಣ ಏನ್ರಿ ಸರ್?” ಎಂದರೆ ಸರ್ ನನ್ನ ಕಡೆ ಕೈ ಚಾಚಿದರು. ನನ್ನ ಎದೆ ಮಗ್ಗದ ಹಾಗೆ ಬಡಿಯುತ್ತಿತ್ತು. ಚಾಕು ಕೊಟ್ಟೆ.

ಪಕ್ಕೆಲುಬಿನ ಕೆಳಗೆ ಓರೆಯಾಗಿ ಕೊಯ್ದು ಒಳಗಿಳಿದರು. ಬಲಗೈಯನ್ನು ಲಿವರ್‌ನ ಹಿಂದಕ್ಕೆ ಮೆಲ್ಲಗೆ ತೂರಿಸಿದರು. ಅವರ ಹುಬ್ಬು ಗಂಟಿಕ್ಕಿತು. “ಹಿಂದ ಇನ್ನೊಂದು ಸಣ್ಣ ಗುಳ್ಳಿ ಐತಿ. ದೊಡ್ಡ ರಕ್ತನಾಳಕ್ಕ ಅಂಟಿ ಬಿಟ್ಟೈತಿ,” ಎಂದರು. ಸ್ಕ್ಯಾನಿನಲ್ಲಿ ಅದು ಬೇರೆಯಾಗಿ ಕಂಡಿರಲಿಲ್ಲ. ಮಾತು ಮುಗಿಯುವುದರೊಳಗೆ ಕಡುಗೆಂಪು ರಕ್ತ ಬುಗ್ಗೆಯಂತೆ ಮೇಲೆದ್ದಿತು!

ಮುಂದಿನ ಕೆಲವು ನಿಮಿಷ ಹೇಗೆ ಹೋದವೋ. ಸರ್ ಎರಡು ಬೆರಳು ಒತ್ತಿ ಹಿಡಿದಿದ್ದರು. ಪ್ಯಾಡಿನ ಮೇಲೆ ಪ್ಯಾಡು ಕೊಟ್ಟೆ, ಎಣಿಸುತ್ತಾ ಕೊಟ್ಟೆ. “ಬಿ.ಪಿ. ಇಳ್ಯಾಕತ್ತೈತಿ! ರಕ್ತ ತರ್ರಿ, ಲಗೂ!” ಎಂದು ಮೇಡಂ ಬಾಗಿಲ ಕಡೆ ಕೂಗಿದರು. ಸರ್ ಕೇಳುವ ಮೊದಲೇ ಇಕ್ಕಳ ಅವರ ಅಂಗೈಯಲ್ಲಿತ್ತು. ಒಂದು, ಇನ್ನೊಂದು. ಆಮೇಲೆ ಕೂದಲಿನಷ್ಟು ತೆಳ್ಳಗಿನ ದಾರದಲ್ಲಿ ಹೊಲಿಗೆ. ಕೊನೆಗೆ ಬೆರಳು ತೆಗೆದರು. ನಾವು ನಾಲ್ವರೂ ಬಗ್ಗಿ ನೋಡಿದೆವು. ರಕ್ತ ಬರಲಿಲ್ಲ.

“ಆತು,” ಎಂದರು ಸರ್. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಹೊಟ್ಟೆ ತೆರೆಯುವ ಮೊದಲೇ ರಕ್ತ ಚಿಮ್ಮಿದ್ದರೆ, ಗ್ಯಾಸ್ ತೆಗೆದು, ಕೊಯ್ದು, ಅಲ್ಲಿಗೆ ಬೆರಳು ಮುಟ್ಟುವಷ್ಟರಲ್ಲಿ ಮಲ್ಲಪ್ಪ ಉಳಿಯುತ್ತಿರಲಿಲ್ಲ ಎಂದು ಸರ್ ಆಮೇಲೆ ಹೇಳಿದರು. ಆದರೆ ಅವರು ನೇರ ಮನುಷ್ಯ. “ಇಲ್ಲಾ, ಕೈ ಹಾಕಿದ್ದಕ್ಕ ಹರೀತೋ ಏನೋ, ಅದನ್ನೂ ಅಲ್ಲಗಳಿಯಾಕ ಬರೂದಿಲ್ಲ,” ಎಂದೂ ಸೇರಿಸಿದರು.

ಶಾಂತವ್ವನಿಗೆ ವಿಷಯ ಹೇಳಲು ಹೋದಾಗ ನಾನೂ ಜೊತೆಗಿದ್ದೆ. ಕೊಯ್ದರೆಂದು ಕೇಳಿ ಅವಳು ಗೋಡೆಗೊರಗಿದಳು. “ಜೀವಂತ ಅದಾರಲ್ರಿ?” ಎಂದಷ್ಟೇ ಕೇಳಿದಳು. ಮರುದಿನ ಮಲ್ಲಪ್ಪ ಹೊಟ್ಟೆಯ ಪಟ್ಟಿ ಸವರಿ ನೋಡಿಕೊಂಡು, “ಸಾಹೇಬ್ರ, ನಾಕ ತೂತ ಅಂದಿದ್ರಲ್ರಿ?” ಎಂದ. “ಐದನೇದು ಸ್ವಲ್ಪ ದೊಡ್ಡದಾತು ಮಲ್ಲಪ್ಪ,” ಎಂದರು ಸರ್. ನೋವಿನಲ್ಲೂ ಅವನು ನಕ್ಕ. ವರ್ಷದ ಮೇಲೆ ಮತ್ತೆ ಪೇಟೆಗೆ ಹೊರಟ, ಮೊದಲಿನಷ್ಟು ಭಾರ ಹೊರಲಾರದಿದ್ದರೂ.

ಆಪರೇಷನ್ ಆದ ಸಂಜೆ ಸರ್ ನನ್ನನ್ನು ತಮ್ಮ ಕೋಣೆಗೆ ಕರೆದು, ಕ್ಯಾಮೆರಾದ ಚಿತ್ರೀಕರಣ ಹಾಕಿದರು. ಅದರಲ್ಲಿ ಧ್ವನಿ ದಾಖಲಾಗುವುದಿಲ್ಲ. ಕಡ್ಡಿ ಮುಂದೆ ಹೋಗುತ್ತದೆ, ತಟ್ಟನೆ ನಿಲ್ಲುತ್ತದೆ. ಮೂರು ಸಲ ನೋಡಿದೆವು. ಆ ಕ್ಷಣದಲ್ಲಿ ಹೆದರುವಂಥದ್ದೇನೂ ಇಲ್ಲ. ಹನಿ ರಕ್ತವಿಲ್ಲ, ಮಸುಕಿಲ್ಲ.

“ನಿಮ್ಮ ದನಿ ನನ್ನ ಬಲಗಿವಿಗೆ ಕೇಳಿಸ್ತ್ರಿ,” ಎಂದರು ಸರ್. ನಾನು ನಿಂತಿದ್ದದ್ದು ಎಡಕ್ಕೆ. ಬಲಕ್ಕೆ ರೋಗಿಯ ಕಾಲ ಕಡೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ಅವರು ಮಲ್ಲಪ್ಪನ ಫೈಲು ಎಳೆದುಕೊಂಡರು. ಕ್ಯಾಮೆರಾ ಬಿಟ್ಟು ಹೊಟ್ಟೆ ತೆರೆದರೆ ಅದರ ಕಾರಣ ಬರೆಯಲೇಬೇಕು. ಪೆನ್ನಿನ ಮುಚ್ಚಳ ತೆಗೆದರು.

“ಏನ್ ಬರೀಲ್ರಿ ಸಿಸ್ಟರ್?”

ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ. ಕೊನೆಗೆ ಅವರು ಒಂದೇ ಸಾಲು ಗೀಚಿ ಫೈಲು ಮುಚ್ಚಿದರು: ‘ಒಳಗಿನ ಜಾಗ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ.’

ಕಂಡಿತ್ತು. ಎಲ್ಲವೂ ಸ್ಪಷ್ಟವಾಗಿ ಕಂಡಿತ್ತು.